ನಾಲ್ಕು ಲಕ್ಷದ ಟೀ

ನನ್ನ ಗಂಡನಿಗೆ ಒಂದು ಕಾಯಿಲೆಯಿದೆ. ಯಾವ ಡಾಕ್ಟರ ಹತ್ತಿರವೂ ಅದಕ್ಕೆ ಔಷಧಿಯಿಲ್ಲ. ಅದರ ಹೆಸರು ದಾಕ್ಷಿಣ್ಯ. ಎದುರಿಗೆ ಕೂತವರ ಮುಖ ನೋಡಿ ‘ಬೇಡ’ ಎನ್ನುವುದು ಈ ಜನ್ಮದಲ್ಲಿ ಅವರಿಂದ ಆಗದ ಕೆಲಸ. ನಮ್ಮ ಮನೆಯಲ್ಲಿ ಮೂರು ನೀರಿನ ಫಿಲ್ಟರುಗಳಿವೆ. ಮೂರನ್ನೂ ಬಾಗಿಲಿಗೆ ಹೊತ್ತು ತಂದವರು ‘ಪಾಪ, ಬಿಸಿಲಲ್ಲಿ ನಡೆದುಕೊಂಡು ಬಂದಿದ್ದರು’. ನನ್ನನ್ನು ಮದುವೆಯಾದದ್ದೂ ಅದೇ ಕಾರಣಕ್ಕಿರಬಹುದೆಂದು ಅನುಮಾನವಿದೆ. ಕೇಳಿಲ್ಲ. ಕೇಳಿದರೆ ‘ಹಾಗೇನಿಲ್ಲ’ ಎನ್ನುತ್ತಾರೆ, ಅದೂ ದಾಕ್ಷಿಣ್ಯಕ್ಕೆ.

ಅವರಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಬಂದವರ ಮೂಗಿನ ಮೇಲೆ ಕಬ್ಬಿಣದ ಚೌಕಟ್ಟು ಕೂರಿಸಿ, ಗಾಜು ಬದಲಿಸುತ್ತಾ, ‘ಈಗ ಸ್ಪಷ್ಟವಾ? ಈಗ?’ ಎಂದು ದಿನವಿಡೀ ಕೇಳುವುದು. ಊರಿಗೆಲ್ಲ ದೃಷ್ಟಿ ಸರಿಮಾಡುವ ಈ ಮನುಷ್ಯನಿಗೆ ತನ್ನ ಎದುರು ಕೂತು ನಗುವವನು ಯಾಕೆ ನಗುತ್ತಿದ್ದಾನೆ ಎನ್ನುವುದೊಂದು ಮಾತ್ರ ಕಾಣುವುದಿಲ್ಲ.

ನಾನು ಟೈಲರ್. ಹದಿನಾರು ವರ್ಷದಿಂದ ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತೇನೆ. ಮಕ್ಕಳು ಶಾಲೆಗೆ ಹೋಗದ ತಿಂಗಳುಗಳಲ್ಲಿ ಮನೆ ಮನೆಗೆ ಹೋಗಿ ಅಳತೆ ತೆಗೆದು ಕಿಟಕಿ ಪರದೆ ಹೊಲಿಯುತ್ತೇನೆ. ನನ್ನ ಅಂಗಡಿಯ ಕಟ್ಟಡವನ್ನು ಕೆಡವುತ್ತೇವೆಂದು ಮಾಲೀಕ ಎರಡು ತಿಂಗಳ ಗಡುವು ಕೊಟ್ಟಾಗ ನಮಗೆ ಬ್ಯಾಂಕಿನಲ್ಲಿ ಸಾಲ ಮಾಡಿ ಸ್ವಂತ ಮನೆ ಕೊಳ್ಳುವ ಯೋಚನೆ ಬಂತು. ಬೀದಿಗೆ ಮುಖವಿರುವ ಒಂದು ಮುಂದಿನ ಕೋಣೆ ಸಿಕ್ಕರೆ ಅಲ್ಲೇ ಮಿಷನ್, ಹಿಂದೆ ಸಂಸಾರ. ಒಂದೇ ಕಲ್ಲಿಗೆ ಎರಡು ಹಕ್ಕಿ ಎಂದುಕೊಂಡೆವು. ಹಕ್ಕಿ ನಾವೇ ಎಂದು ಆಗ ಗೊತ್ತಿರಲಿಲ್ಲ.

ಮನೆ ಸಿಕ್ಕಿತು. ಮಾಲೀಕರು ಒಬ್ಬಂಟಿ, ವಿಮೆ ಏಜೆಂಟರಾಗಿ ನಿವೃತ್ತರಾದವರು. ತೆಳ್ಳಗೆ, ಬೆಳ್ಳಗೆ, ಕೈ ಜೋಡಿಸಿಕೊಂಡೇ ಹುಟ್ಟಿದವರ ಹಾಗೆ ಕಾಣುತ್ತಿದ್ದರು. ಚಪ್ಪಲಿ ಬಿಡುವುದರೊಳಗೆ ಟೀ ಬಂತು, ಕೂರುವುದರೊಳಗೆ ಬಿಸ್ಕತ್ತು ಬಂತು, ಬಿಸ್ಕತ್ತು ಮುಗಿಯುವುದರೊಳಗೆ ಸಂಬಂಧ ಬಂತು.

“ನಿಮ್ಮನ್ನ ನೋಡಿದ್ರೆ ನನ್ನ ಒಡಹುಟ್ಟಿದ ತಂಗಿ ನೋಡಿದ ಹಾಗೆ ಆಗ್ತಿದೆ,” ಎಂದರು ನನಗೆ. ಆಮೇಲೆ ನನ್ನ ಗಂಡನ ಕಡೆ ತಿರುಗಿ, “ಅಂದ್ಮೇಲೆ ಇವರು ನನ್ನ ಭಾವ. ಭಾವನಿಗೆ ಇನ್ನೊಂದು ಕಪ್ಪು?” ಎಂದರು.

ಭಾವ ಇನ್ನೊಂದು ಕಪ್ಪು ಕುಡಿದರು. ನಾನು ಅವತ್ತೇ ಆ ಮನುಷ್ಯನಿಗೆ ಉಪಚಾರಪ್ಪ ಎಂದು ಹೆಸರಿಟ್ಟೆ. ಇಷ್ಟೆಲ್ಲ ಆದ ಮೇಲೂ ಅವರಿಗೆ ಬಹುವಚನ ಹಾಕಿಯೇ ಹೇಳುತ್ತಿದ್ದೇನೆ ನೋಡಿ. ಇದು ಅಂಟುರೋಗ.

ಮುಂದಿನ ಕೋಣೆ ನನಗೆ ಹಿಡಿಸಿತು, ಸುಳ್ಳು ಹೇಳುವುದಿಲ್ಲ. ಬೀದಿಗೆ ದೊಡ್ಡ ಕಿಟಕಿ, ಮಧ್ಯಾಹ್ನದವರೆಗೂ ಒಳ್ಳೆಯ ಬೆಳಕು, ಸೂಜಿಗೆ ದಾರ ಪೋಣಿಸಲು ದೀಪ ಬೇಕಿಲ್ಲ. ಆದರೂ ‘ಯೋಚನೆ ಮಾಡಿ ಹೇಳ್ತೀವಿ’ ಎಂದು ಎದ್ದು ಬಂದೆವು. ಹಾಗೆ ಎದ್ದು ಬಂದದ್ದು ಒರಟಾಯಿತೇನೋ ಎಂದು ನನ್ನ ಗಂಡನಿಗೆ ರಾತ್ರಿಯಿಡೀ ಕೊರೆಯಿತಂತೆ. ಮರುದಿನ ಕೆಲಸಕ್ಕೆ ಹೋಗುವ ದಾರಿಯಲ್ಲಿ, ‘ನಿಜವಾಗಿಯೂ ಯೋಚನೆ ಮಾಡ್ತಿದೀವಿ, ಬೇಜಾರು ಮಾಡ್ಕೋಬೇಡಿ’ ಎಂದು ಹೇಳಿ ಬರಲು ಅಲ್ಲಿಗೆ ಹೋದರು. ಹೋದವರು ಮೂರು ಕಪ್ಪು ಟೀ ಕುಡಿದು, ಕರಾರು ಪತ್ರಕ್ಕೆ ಸಹಿ ಹಾಕಿ, ನಾಲ್ಕು ಲಕ್ಷ ಮುಂಗಡ ಕೊಟ್ಟು ಮನೆಗೆ ಬಂದರು.

“ದುಡ್ಡು ಎಲ್ಲಿಂದ ಬಂತ್ರೀ?” ಎಂದು ಕೇಳಿದೆ.

“ಬ್ಯಾಂಕಿಂದ. ಅವರೂ ಜೊತೇಲೇ ಬಂದ್ರು, ಪಾಪ, ಅಷ್ಟು ದೂರ. ಕ್ಯೂನಲ್ಲಿ ನನ್ನ ಬದಲು ಅವರೇ ನಿಂತ್ರು ಕಣೇ.”

ಹದಿನಾರು ವರ್ಷದ ಯೂನಿಫಾರಂ. ಎಷ್ಟು ಚಡ್ಡಿ, ಎಷ್ಟು ಲಂಗ, ಎಷ್ಟು ಕಾಲರು. ಕ್ಯೂನಲ್ಲಿ ಅವರೇ ನಿಂತರಂತೆ! ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋಕೆ ಜಾಗ ಇಲ್ಲ ಎನ್ನುತ್ತಾರೆ ಹಿರಿಯರು. ನಮ್ಮ ವಿಷಯದಲ್ಲಿ ಜಾಗವನ್ನೂ ತೋರಿಸಿ, ಅದಕ್ಕೆ ಮುಂಗಡವನ್ನೂ ಇಸಿದುಕೊಂಡಿದ್ದರು.

ಆದರೂ ಆ ರಾತ್ರಿ ಬೈದು ಸುಸ್ತಾದ ಮೇಲೆ ನನಗೆ ಒಳಗೊಳಗೇ ಖುಷಿಯೂ ಆಯಿತು. ಕಿಟಕಿ ಚೆನ್ನಾಗಿತ್ತಲ್ಲ.

ಹನ್ನೊಂದನೆಯ ದಿನ ಟೇಪು, ಪೆನ್ಸಿಲು ಹಿಡಿದು ಪರದೆಯ ಅಳತೆಗೆ ಹೋದೆ. ಉಪಚಾರಪ್ಪ ಸ್ಟೂಲು ತಂದಿಟ್ಟು, ಟೀ ಮಾಡಲು ಒಳಗೆ ಹೋದರು. ಕಿಟಕಿಯ ಚೌಕಟ್ಟಿನ ಮೇಲ್ತುದಿಗೆ ಟೇಪು ಹಿಡಿದೆ. ಐವತ್ತೆರಡು ಇಂಚು. ಪರದೆಯ ಸರಳು ಕೂರುವ ಕಡೆ ನಾವು ಟೈಲರುಗಳು ಪೆನ್ಸಿಲಿನಲ್ಲಿ ಗುರುತು ಹಾಕುತ್ತೇವೆ. ಒಬ್ಬೊಬ್ಬರದು ಒಂದೊಂದು ಗುರುತು. ನನ್ನದು ಎರಡು ಅಡ್ಡಗೆರೆ. ಗೀಚಲು ಹೋದವಳು ಕೈ ತಡೆದೆ. ಅಲ್ಲಿ ಆಗಲೇ ಒಂದು ಗುರುತಿತ್ತು, ಕತ್ತರಿ ಗುರುತು. ಅದರ ಪಕ್ಕ ಒಂದು ಸೊನ್ನೆ. ಅದರ ಪಕ್ಕ ಒಂದು ಪುಟ್ಟ ಮೀನು.

ಹಳೆಯ ಮನೆಯ ಕಿಟಕಿಯಲ್ಲಿ ಒಂದು ಗುರುತಿರುವುದು ಸಹಜ. ಮೂರು ಬೇರೆ ಬೇರೆ ಕೈಯ ಗುರುತಿದ್ದು, ಒಂದು ಮೊಳೆಯ ತೂತೂ ಇಲ್ಲದಿರುವುದು ಸಹಜವಲ್ಲ. ಮೂರು ಸಲ ಅಳತೆ ತೆಗೆದಿದ್ದಾರೆ, ಒಂದು ಸಲವೂ ಪರದೆ ಹಾಕಿಲ್ಲ. ಮೂರು ಸಂಸಾರ ನನ್ನ ಹಾಗೇ ಈ ಸ್ಟೂಲಿನ ಮೇಲೆ ಯಾರನ್ನೋ ಹತ್ತಿಸಿ, ಬಣ್ಣ ಯಾವುದು, ಬಟ್ಟೆ ಯಾವುದು ಎಂದು ಮಾತಾಡಿಕೊಂಡು, ಆಮೇಲೆ ಎಲ್ಲಿಗೆ ಹೋಯಿತು?

ಮೀನು ಮಾತ್ರ ನನಗೆ ಗೊತ್ತಿತ್ತು. ನನ್ನ ಹತ್ತಿರ ಎರಡು ವರ್ಷ ಕೆಲಸ ಕಲಿತು, ಈಗ ಎರಡು ಬೀದಿ ಆಚೆ ಅಂಗಡಿ ಇಟ್ಟುಕೊಂಡಿರುವ ಶಿಷ್ಯೆಯದು. ಮೊದಲಿಂದಲೂ ಎಲ್ಲ ಕಡೆ ಮೀನು ಬರೆಯುವವಳು. ಎಷ್ಟು ಬೈದರೂ ಬಿಟ್ಟಿರಲಿಲ್ಲ. ಮರುದಿನ ಹೋಗಿ ಕೇಳಿದೆ.

“ಅಯ್ಯೋ ಅಕ್ಕಾ, ಆ ಮನೇದಾ?” ಎಂದು ಅವಳು ಅಟ್ಟದ ಕಡೆ ಕೈ ತೋರಿಸಿದಳು. ಅಲ್ಲಿ ಮಡಿಸಿಟ್ಟ ಹಸಿರು ಪರದೆಗಳಿದ್ದವು, ಮೇಲೆ ಧೂಳು. “ಹೊಲಿದಿಟ್ಟು ಒಂದೂವರೆ ವರ್ಷ ಆಯ್ತು. ನರ್ಸಮ್ಮ ಹೇಳಿದ್ದು. ತಗೊಂಡು ಹೋಗೋಕೆ ಬರಲೇ ಇಲ್ಲ. ಕೂಲಿ ಮಾತ್ರ ಕಳಿಸಿಕೊಟ್ರು. ಕಿಟಕಿ ಇಲ್ಲದೆ ಪರದೆ ಏನ್ ಮಾಡ್ಲಿ ಅಂತ ಹೇಳಿ ಕಳಿಸಿದ್ರು.”

ನರ್ಸಮ್ಮ ಹೆರಿಗೆ ಆಸ್ಪತ್ರೆಯಲ್ಲಿ ಕೆಲಸ ಮಾಡುವವರು. ನಾನು ಮನೆಯ ವಿಷಯ ಎತ್ತಿದ ಕೂಡಲೇ ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟರು.

“ಎಷ್ಟು ಕೊಟ್ರಿ?” ಎಂದರು.

“ನಾಲ್ಕು.”

“ನಾನು ಮೂರೂವರೆ. ಎಷ್ಟನೇ ದಿನ ಇದು?”

“ಹದಿಮೂರು.”

“ಹಾಗಾದ್ರೆ ಇನ್ನೂ ಬದುಕಿದೀರ,” ಎಂದು ಹೇಳಿ, ಪೂರ್ತಿ ಕಥೆ ಬಿಚ್ಚಿದರು. ಆ ಮನೆಯ ಮೇಲೆ ಉಪಚಾರಪ್ಪನ ತಮ್ಮಂದಿರು ಹಾಕಿದ ದಾವೆ ಇದೆ. ಯಾವ ಬ್ಯಾಂಕೂ ಅದಕ್ಕೆ ಸಾಲ ಕೊಡುವುದಿಲ್ಲ. ಆದರೆ ಅದು ಬ್ಯಾಂಕಿಗೆ ಗೊತ್ತಾಗುವುದು ಕಾಗದ ಕೈಗೆ ಬಂದ ಮೇಲೆ, ಕಾಗದವನ್ನು ಅವರು ಕೊಡುವುದು ಮೂವತ್ತು ದಿನ ಕಳೆದ ಮೇಲೆ. ಕರಾರಿನಲ್ಲಿ ಏನಿದೆ ನೋಡಿ ಎಂದರು ನರ್ಸಮ್ಮ. ಮೂವತ್ತು ದಿನದೊಳಗೆ ಮನೆ ಬೇಡವೆಂದು ಬರೆದುಕೊಟ್ಟು, ಮಾಲೀಕರ ಕೈಯಲ್ಲಿ ಸಹಿ ಹಾಕಿಸಿಕೊಂಡರೆ ಮುಂಗಡ ಪೂರ್ತಿ ವಾಪಸ್. ಅಂಚೆಯಲ್ಲಿ ಕಳಿಸಿದರೆ ಲೆಕ್ಕಕ್ಕಿಲ್ಲ. ಮೂವತ್ತು ದಿನ ದಾಟಿದರೆ, ಸಾಲ ಸಿಗದಿದ್ದರೂ ಸರಿ, ಹಿಂದೆ ಸರಿದವರ ದುಡ್ಡು ಹೋದ ಹಾಗೆಯೇ.

“ಸಹಿ ತಾನೆ? ಹೋಗಿ ಹಾಕಿಸ್ಕೊಂಡು ಬರ್ತೀನಿ,” ಎಂದೆ.

ನರ್ಸಮ್ಮ ನನ್ನನ್ನು ಕನಿಕರದಿಂದ ನೋಡಿದರು. “ನಾನೂ ಹಾಗೇ ಅಂದಿದ್ದೆ ಅಕ್ಕ. ಆರು ಸಲ ಹೋದೆ. ಆರು ಸಲವೂ ಟೀ ಕುಡಿದು ಬಂದೆ.”

ನನಗೆ ನಗು ಬಂತು. ಹೆರಿಗೆ ಕೋಣೆಯಲ್ಲಿ ಹೆಂಗಸರನ್ನು ಗದರಿಸುವ ಈಕೆಗೆ ಒಂದು ಸಹಿ ಕೇಳಲು ಬಾಯಿ ಬರಲಿಲ್ಲವೇ ಎಂದುಕೊಂಡೆ. ಆಡಿಕೊಳ್ಳುವವರ ಮುಂದೆ ಎಡವಿ ಬೀಳುವುದು ಕೇಳಿದ್ದೇವೆ. ನಾನು ಆಡಿಕೊಂಡು, ಆಮೇಲೆ ನಾನೇ ಬಿದ್ದೆ.

ಹದಿನಾರನೆಯ ದಿನ ಗಂಡ ಹೆಂಡತಿ ಇಬ್ಬರೂ ಪತ್ರ ಬರೆದುಕೊಂಡು ಹೋದೆವು. “ಕಾಗದ ಗೀಗದ ಆಮೇಲೆ, ಮೊದಲು ಟೀ,” ಎಂದರು ಉಪಚಾರಪ್ಪ. ಟೀ ಆದ ಮೇಲೆ ಹಿತ್ತಲಿನ ನಿಂಬೆಗಿಡ ತೋರಿಸಿದರು. ಗಿಡದ ಪಕ್ಕ ನಿಂತು, ಹೆಂಡತಿ ತೀರಿಕೊಂಡ ವರ್ಷ ಅದು ಹೇಗೆ ಒಣಗಿ ಮತ್ತೆ ಚಿಗುರಿತು ಎಂದು ಹೇಳಿ ಕಣ್ಣೊರೆಸಿಕೊಂಡರು. ಅಳುವ ಮನುಷ್ಯನ ಮುಂದೆ ‘ದುಡ್ಡು ವಾಪಸ್ ಕೊಡಿ’ ಎಂದು ಹೇಗೆ ಹೇಳುವುದು? ಮುಂಗಡ ತರಲು ಹೋದವರು ಹನ್ನೆರಡು ನಿಂಬೆಹಣ್ಣು ತಂದೆವು. ಬಸ್ಸಿನಲ್ಲಿ ನನ್ನ ಗಂಡ, “ಒಳ್ಳೇ ರಸ ಇದೆ ಕಣೇ,” ಎಂದರು. ನಾನು ಕಿಟಕಿಯಾಚೆ ನೋಡಿದೆ.

ಇಪ್ಪತ್ತೊಂದನೆಯ ದಿನ ಮತ್ತೆ ಹೋದೆವು. ಆವತ್ತು ಉಪಚಾರಪ್ಪನಿಗೆ ರಕ್ತದೊತ್ತಡ. ತೋಳಿಗೆ ಪಟ್ಟಿ ಸುತ್ತಿಕೊಂಡು ಮಲಗಿದ್ದರು. ನನ್ನ ಗಂಡ ಗಾಳಿ ಬೀಸಿದರು.

ಇಪ್ಪತ್ತೇಳನೆಯ ದಿನ, ಈ ಮನುಷ್ಯನನ್ನು ಕಟ್ಟಿಕೊಂಡು ಹೋದರೆ ಕೆಲಸವಾಗದು ಎಂದು ನಾನೊಬ್ಬಳೇ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬಾಗಿಲು ತೆರೆದವರು ನನ್ನ ಕೈ ಹಿಡಿದು, “ತಂಗಿ, ನೀನೊಬ್ಳೇ ಬಂದೆಯಲ್ಲ, ಈಗ ನಿಜವಾಗಿ ತವರಿಗೆ ಬಂದ ಹಾಗಾಯ್ತು,” ಎಂದರು. ನನಗೆ ಅಣ್ಣಂದಿರಿಲ್ಲ. ಅಪ್ಪ ಅಮ್ಮ ಹೋಗಿ ಬಹಳ ವರ್ಷವಾಯಿತು. ಮೋಸದ ಮಾತು ಎಂದು ಗೊತ್ತಿದ್ದೂ ‘ಹೂಂ ಅಣ್ಣಾ’ ಎಂದುಬಿಟ್ಟೆ. ಅದನ್ನು ನೆನೆಸಿಕೊಂಡರೆ ಈಗಲೂ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ. ಬರುವಾಗ ಕೈಯಲ್ಲಿ ಒಂದು ಹೂವಿನ ಕುಂಡವಿತ್ತು. ಪತ್ರ ಚೀಲದಲ್ಲೇ ಇತ್ತು.

“ಮಂಗಳವಾರ ಸಂಜೆ ಮಾತ್ರ ಬರಬೇಡ ತಂಗಿ, ಯಾರೋ ಬರೋರಿದಾರೆ. ಬುಧವಾರ ಭಾವನನ್ನೂ ಕರ್ಕೊಂಡು ಬಾ. ನಿಧಾನಕ್ಕೆ ಕೂತು ಎಲ್ಲ ಮಾತಾಡೋಣ,” ಎಂದು ಗೇಟಿನವರೆಗೂ ಬಂದು ಕಳಿಸಿಕೊಟ್ಟಿದ್ದರು.

ಕುಂಡ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬೆರಳು ಮಡಿಸಿದೆ. ಮಂಗಳವಾರ ಮೂವತ್ತು. ಬುಧವಾರ ಮೂವತ್ತೊಂದು.

ಆಗ ನನಗೆ ಬಂದ ಸಿಟ್ಟಿಗೆ ಕುಂಡವನ್ನು ಕಿಟಕಿಯಿಂದ ಎಸೆಯಬೇಕಿತ್ತು. ಗಿಡ ಏನು ತಪ್ಪು ಮಾಡಿದೆ ಎಂದು ಸುಮ್ಮನಾದೆ. ನೇರವಾಗಿ ನರ್ಸಮ್ಮನ ಮನೆಗೆ ಹೋದೆ. ನರ್ಸಮ್ಮ ಡ್ರೈವಿಂಗ್ ಮೇಷ್ಟ್ರಿಗೆ ಹೇಳಿ ಕಳಿಸಿದರು. ಮೇಷ್ಟ್ರು ಕಾರು ಓಡಿಸಲು ಕಲಿಸುವವರು. ಸೊನ್ನೆ ಗುರುತು ಅವರ ಮನೆಯ ಟೈಲರದು, ಐದು ಲಕ್ಷ ಅವರದು. ಕತ್ತರಿ ಗುರುತಿನವರು ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ.

“ನಮ್ಮ ಮೂವತ್ತು ದಿನ ಯಾವತ್ತೋ ಮುಗೀತು,” ಎಂದರು ಮೇಷ್ಟ್ರು. “ನಾವು ಬಂದು ಏನುಪಯೋಗ?”

“ಕೂತ್ಕೊಳ್ಳೋದು,” ಎಂದೆ. “ಜಗಳ ಬೇಡ. ಕೂಗಾಟ ಬೇಡ. ನಮಗೆ ಅದು ಬರಲ್ಲ. ಸುಮ್ನೆ ಹೋಗಿ ಕೂತ್ಕೊಳ್ಳೋಣ. ಒಂದೇ ಒಂದು ಕೆಲಸ ಮಾಡಬೇಕು. ಟೀ ಕುಡೀಬಾರದು. ಎಲ್ಲರ ದುಡ್ಡನ್ನೂ ಒಟ್ಟಿಗೆ ಕೇಳೋಣ.”

ಮಾತು ನನ್ನದೇ. ‘ಎಲ್ಲರ ದುಡ್ಡನ್ನೂ ಒಟ್ಟಿಗೆ.’ ಮುಂದಿನದು ಕೇಳುವಾಗ ಇದನ್ನು ನೆನಪಿಟ್ಟುಕೊಳ್ಳಿ.

ಇನ್ನೊಂದು ವಿಷಯ. ಮನೆಯ ಬಣ್ಣ ಬಯಲಾದ ಮೇಲೆ ನಾನು ಬಸ್ ನಿಲ್ದಾಣದ ಹತ್ತಿರ ಒಂದು ಮೂಲೆ ಅಂಗಡಿ ನೋಡಿಟ್ಟಿದ್ದೆ. ಎರಡು ಕಡೆ ಬಾಗಿಲು, ಬೇಕಾದಷ್ಟು ಬೆಳಕು. ಮಂಗಳವಾರ ಸಂಜೆ ಏಳರೊಳಗೆ ಮುಂಗಡ ಕೊಡದಿದ್ದರೆ ಮೊಬೈಲ್ ರಿಪೇರಿಯವನಿಗೆ ಕೊಡುತ್ತೇನೆ ಎಂದು ಅದರ ಯಜಮಾನ ಖಡಾಖಂಡಿತ ಹೇಳಿದ್ದ. ನನ್ನ ಹಳೆಯ ಅಂಗಡಿಯ ಗೋಡೆಗೆ ಆಗಲೇ ಸುತ್ತಿಗೆ ಬೀಳತೊಡಗಿತ್ತು. ಉಪಚಾರಪ್ಪನ ಹತ್ತಿರವಿದ್ದ ದುಡ್ಡು ಬಿಟ್ಟರೆ ನಮ್ಮಲ್ಲಿ ಬೇರೆ ದುಡ್ಡಿರಲಿಲ್ಲ.

ಮಂಗಳವಾರ ನಾಲ್ಕೂವರೆಗೆ ಗೇಟು ತೆರೆದೆವು. ನಾನು, ನನ್ನ ಗಂಡ, ನರ್ಸಮ್ಮ, ಅವರ ಅಕ್ಕ, ಡ್ರೈವಿಂಗ್ ಮೇಷ್ಟ್ರು, ಅವರ ಹೆಂಡತಿ, ಅವರ ಅತ್ತೆ. ಅತ್ತೆಗೆ ಕಿವಿ ಕೇಳದು. ಯಾರದೋ ನಿಶ್ಚಿತಾರ್ಥ ಎಂದುಕೊಂಡು ಒಳ್ಳೆಯ ಬಟ್ಟೆ ಉಟ್ಟು ಬಂದಿದ್ದರು.

ಬಾಗಿಲು ತೆರೆದ ಉಪಚಾರಪ್ಪನ ಮುಖ ಒಂದು ಕ್ಷಣ ಬೆಳ್ಳಗಾಯಿತು. ಭೇಷ್ ಎನ್ನಬೇಕು, ಮರುಕ್ಷಣವೇ ಕೈ ಜೋಡಿಸಿಬಿಟ್ಟರು. “ಬನ್ನಿ ಬನ್ನಿ, ಇಡೀ ಬಳಗವೇ ಬಂದುಬಿಟ್ಟಿದೆ!”

ಬಳಗ ಕೂತಿತು. ಏಳು ಕಪ್ಪು ಟೀ ಬಂತು. ಯಾರೂ ಮುಟ್ಟಲಿಲ್ಲ.

“ತಗೊಳ್ಳಿ,” ಎಂದರು.

“ಇರ್ಲಿ,” ಎಂದರು ನರ್ಸಮ್ಮ.

“ಆರಿ ಹೋಗುತ್ತೆ.”

“ಆರ್ಲಿ.”

ಉಪಚಾರಪ್ಪ ಬಿಸ್ಕತ್ತು ತಂದರು, ನೀರು ತಂದರು, ಫ್ಯಾನಿನ ವೇಗ ಹೆಚ್ಚಿಸಿದರು, ಕಡಿಮೆ ಮಾಡಿದರು. ರಕ್ತದೊತ್ತಡದ ಪಟ್ಟಿ ತಂದಾಗ ನರ್ಸಮ್ಮ ಎದ್ದು ಹೋಗಿ ಪಟ್ಟಿ ಸುತ್ತಿ, ಗಾಳಿ ಒತ್ತಿ, “ನೂರಿಪ್ಪತ್ತು ಎಂಬತ್ತು. ಚೆನ್ನಾಗಿದೆ,” ಎಂದು ಹೇಳಿ ಬಂದು ಕೂತರು. ಏಳು ಕಪ್ಪುಗಳ ಮೇಲೂ ಕೆನೆ ಕಟ್ಟಿತು. ಬೇಡ ಎಂದು ಬಾಯಿಬಿಟ್ಟು ಹೇಳಲಾಗದವರು ಏಳು ಜನ, ತುಟಿ ಬಿಗಿದು, ಬೇಡ ಎನ್ನುವುದನ್ನು ಕೂತು ತೋರಿಸುತ್ತಿದ್ದೆವು. ನನ್ನ ಗಂಡ ಮಾತ್ರ ಎರಡು ಸಲ ಕಪ್ಪಿನ ಕಡೆ ಕೈ ಚಾಚಿದರು. ಎರಡು ಸಲವೂ ನಾನು ತೊಡೆ ಚಿವುಟಿದೆ.

ಐದು ಗಂಟೆಗೆ ಗೇಟು ಸದ್ದಾಯಿತು. ಚಿಕ್ಕ ವಯಸ್ಸಿನ ಗಂಡ ಹೆಂಡತಿ. ಅವಳ ಕೈಯಲ್ಲಿ ಅಳತೆ ಟೇಪು. ಅವರಿಗೆ ನಾವು ಸಂಬಂಧಿಕರಂತೆ ಕಂಡಿರಬೇಕು, ಎಲ್ಲರಿಗೂ ನಮಸ್ಕಾರ ಮಾಡಿದರು. ಉಪಚಾರಪ್ಪ ಅವರನ್ನು ಕೂರಿಸಿ, ಟೀ ಕೊಟ್ಟು, ಕಣ್ಣಲ್ಲೇ ನನ್ನನ್ನು ಅಡುಗೆಮನೆಗೆ ಕರೆದರು.

“ತಂಗಿ, ಏನಿದು?” ದನಿಯಲ್ಲಿ ಜೇನು ಇನ್ನೂ ಇತ್ತು, ಸ್ವಲ್ಪ ಕಡಿಮೆಯಾಗಿತ್ತು.

“ಸಹಿ,” ಎಂದು ಪತ್ರ ಚಾಚಿದೆ. “ಇವತ್ತು ಮೂವತ್ತು.”

ಅವರು ಹಾಲ್ ಕಡೆ ನೋಡಿದರು. ಪತ್ರ ಇಸಿದುಕೊಂಡು, ಒಲೆಯ ಕಟ್ಟೆಯ ಮೇಲಿಟ್ಟು ಸಹಿ ಹಾಕಿದರು. ಆಮೇಲೆ ಅಟ್ಟದಿಂದ ಒಂದು ಬಟ್ಟೆಚೀಲ ಇಳಿಸಿದರು. ಹೊಲಿಗೆ ಕೆಟ್ಟದಾಗಿತ್ತು, ಹಿಡಿ ಆಗಲೇ ಬಿಚ್ಚಿಕೊಳ್ಳುತ್ತಿತ್ತು. ಅಂಥ ಹೊತ್ತಿನಲ್ಲೂ ಕಣ್ಣು ಅಲ್ಲಿಗೇ ಹೋಯಿತು. ಚೀಲದೊಳಗೆ ನಮ್ಮ ನೋಟಿನ ಕಟ್ಟುಗಳು, ಬ್ಯಾಂಕಿನ ಪಟ್ಟಿ ಕೂಡ ಬಿಚ್ಚಿರಲಿಲ್ಲ.

“ನಿನ್ನದು ಪೂರ್ತಿ ಇದೆ. ಒಂದೇ ಮಾತು. ಅವರನ್ನೆಲ್ಲ ಎಬ್ಬಿಸಿಕೊಂಡು ಈಗಲೇ ಹೊರಡು. ಆ ಹುಡುಗಿಗೆ ಏನೂ ಹೇಳಕೂಡದು. ಏನಂತೀಯ?”

ಈ ಕಥೆಯಲ್ಲಿ ನನ್ನ ಗಂಡನನ್ನು ಸಾಕಷ್ಟು ಆಡಿಕೊಂಡಿದ್ದೇನೆ. ಈಗ ನನ್ನ ಸರದಿ. ಹದಿನಾರು ವರ್ಷದ ಕಾಲರುಗಳು ನೆನಪಾದವು. ಮೂಲೆ ಅಂಗಡಿ ನೆನಪಾಯಿತು. ಗೋಡೆಯ ಗಡಿಯಾರದಲ್ಲಿ ಐದೂ ಹತ್ತಾಗಿತ್ತು. ನರ್ಸಮ್ಮ ನೆನಪಾಗಲಿಲ್ಲ. ಹಸಿರು ಪರದೆ ನೆನಪಾಗಲಿಲ್ಲ. ಟೇಪು ಹಿಡಿದ ಆ ಹುಡುಗಿ ಐದು ಹೆಜ್ಜೆ ದೂರದಲ್ಲಿದ್ದಳು, ಅವಳೂ ನೆನಪಾಗಲಿಲ್ಲ. ನಾನು “ಆಯ್ತು” ಎಂದೆ. ಯೋಚಿಸಲು ಒಂದು ಕಪ್ಪು ಟೀಯಷ್ಟು ಹೊತ್ತೂ ತೆಗೆದುಕೊಳ್ಳಲಿಲ್ಲ.

ಚೀಲ ನನ್ನ ಕೈಗೆ ಬರುವುದಕ್ಕೂ ಹಾಲ್‌ನಿಂದ ನನ್ನ ಗಂಡನ ದನಿ ಕೇಳುವುದಕ್ಕೂ ಸರಿಹೋಯಿತು.

“ಅದನ್ನ ಕುಡೀಬೇಡಪ್ಪ.”

ಹೊಸದಾಗಿ ಬಂದವನು ಕಪ್ಪು ತುಟಿಯ ಹತ್ತಿರ ಹಿಡಿದಿದ್ದನಂತೆ. ಗಾಬರಿಯಾಗಿ ಕೆಳಗಿಟ್ಟು ಕೇಳಿದ, “ಯಾಕೆ ಸಾರ್? ಏನಿದೆ ಇದರಲ್ಲಿ?”

“ಏನೂ ಇಲ್ಲ. ಸಕ್ಕರೆ ಒಂಚೂರು ಜಾಸ್ತಿ ಅಷ್ಟೇ.” ಆ ಮನುಷ್ಯ ಮುಂದಿನ ಮಾತಿಗೆ ಎಷ್ಟು ಕಷ್ಟಪಡುತ್ತಿದ್ದರೆಂದು ಗೋಡೆಯಾಚೆಯಿಂದಲೂ ನನಗೆ ಗೊತ್ತಾಗುತ್ತಿತ್ತು. “ನನಗೆ ಇದು ನಾಲ್ಕು ಲಕ್ಷಕ್ಕೆ ಬಿತ್ತು. ಇವರಿಗೆ ಮೂರೂವರೆ. ಮೇಷ್ಟ್ರಿಗೆ ಐದು. ನೀವಿನ್ನೂ ಏನೂ ಕೊಟ್ಟಿಲ್ಲ ತಾನೆ? ಹಾಗಾದ್ರೆ ಕೊಡಬೇಡಿ.”

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವರ ಬಾಯಿಂದ ಒಂದರ ಹಿಂದೊಂದು ಎರಡು ‘ಬೇಡ’ ನಾನು ಕೇಳಿದ್ದು ಅದೇ ಮೊದಲು.

ಉಪಚಾರಪ್ಪ ಚೀಲದ ಇನ್ನೊಂದು ಹಿಡಿ ಹಿಡಿದುಕೊಂಡರು. “ಮಾತು ತಪ್ಪಿದ ಹಾಗಾಯ್ತು. ಕೊಡಿಲ್ಲಿ!” ಜೇನು ಪೂರ್ತಿ ಖಾಲಿ. ತಂಗಿಯೂ ಹೋಗಿದ್ದಳು. ಅವರೊಂದು ಕಡೆ ಎಳೆದರು, ನಾನೊಂದು ಕಡೆ ಎಳೆದೆ. ಅವರ ಕೈಯಲ್ಲಿದ್ದ ಹಿಡಿ ಬಿಚ್ಚಿಕೊಂಡು ಅವರ ಕೈಗೇ ಬಂತು, ಚೀಲ ನನ್ನ ಎದೆಗೆ ಬಂತು. ಅದನ್ನು ಹೊಲಿದ ಟೈಲರ್ ಯಾರೋ, ಅವರ ಹೊಟ್ಟೆ ತಣ್ಣಗಿರಲಿ.

ಹಾಲ್‌ಗೆ ಬಂದೆ. ಹೊಸ ಗಂಡ ಹೆಂಡತಿ ಗೇಟು ದಾಟುತ್ತಿದ್ದರು. ಎಲ್ಲರೂ ನನ್ನ ಎದೆಗವಚಿದ ಚೀಲ ನೋಡಿದರು.

“ನಿಮ್ಮದು ಬಂತಾ ಅಕ್ಕ?” ಎಂದರು ನರ್ಸಮ್ಮ. ದನಿಯಲ್ಲಿ ಹೊಟ್ಟೆಕಿಚ್ಚು ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಇರಲಿಲ್ಲ. “ಒಳ್ಳೇದಾಯ್ತು. ಹೊರಡಿ, ನಿಮ್ಮ ಅಂಗಡಿಗೆ ಹೊತ್ತಾಗುತ್ತೆ. ನಾವು ಕೂತಿರ್ತೀವಿ.”

“ಹೊರಡೋಣ ಏಳ್ರೀ,” ಎಂದೆ ಗಂಡನಿಗೆ. ಯಾರ ಮುಖವನ್ನೂ ನೋಡದೆ ಹೇಳಿದೆ.

ಅವರು ಏಳಲಿಲ್ಲ. ಅಂಗೈ ಮೊಣಕಾಲ ಮೇಲಿಟ್ಟುಕೊಂಡು, ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿ ಕೂತಿದ್ದರು.

“ನೀನು ಹೋಗಿ ಅಡ್ವಾನ್ಸ್ ಕೊಟ್ಬಿಡು ಕಣೇ. ನಾನು ಇಲ್ಲೇ ಇರ್ತೀನಿ.”

“ನಮ್ಮದು ಬಂತಲ್ರೀ! ಇನ್ನೇನ್ ಕೆಲಸ ಇಲ್ಲಿ?”

“ಅದೇ... ಇವರನ್ನ ಬಿಟ್ಟು ಎದ್ದು ಹೋಗೋಕೆ ನನಗೆ ಒಂಥರಾ ದಾಕ್ಷಿಣ್ಯ.”

ಇಪ್ಪತ್ತೆರಡು ವರ್ಷ ಆ ಪದವನ್ನು ಹಿಡಿದು ಅವರನ್ನು ಹಣಿದಿದ್ದೆ. ಈಗ ಅದೇ ಪದ ನನ್ನ ಕಪಾಳಕ್ಕೆ ಬಂದು ಬಿತ್ತು. ಹೊಡೆದವರಿಗೆ ಹೊಡೆದದ್ದು ಗೊತ್ತೇ ಇರಲಿಲ್ಲ. ಗಡಿಯಾರ ನೋಡಿದೆ. ಬಸ್ ನಿಲ್ದಾಣಕ್ಕೆ ಒಂದು ಗಂಟೆಯ ದಾರಿ. ಈಗ ಹೊರಟರೂ ಸಿಗುತ್ತದೆ, ಎರಡು ಬಾಗಿಲಿನ ಅಂಗಡಿ, ಬೇಕಾದಷ್ಟು ಬೆಳಕು. ಎಲ್ಲರನ್ನೂ ಮನಸ್ಸಿನಲ್ಲೇ ಬೈದುಕೊಂಡೆ. ನರ್ಸಮ್ಮನನ್ನು, ಮೇಷ್ಟ್ರನ್ನು, ನಿಶ್ಚಿತಾರ್ಥದ ಹುಡುಗಿ ಎಲ್ಲಿ ಎಂದು ಕಣ್ಣು ಹಾಯಿಸುತ್ತಿದ್ದ ಅತ್ತೆಯನ್ನು, ಎಲ್ಲರಿಗಿಂತ ಹೆಚ್ಚಾಗಿ ಈ ಕನ್ನಡಕದ ಮನುಷ್ಯನನ್ನು. ಬೈದು ಮುಗಿಸಿ, ಚೀಲವನ್ನು ಕಾಲ ಸಂದಿಯಲ್ಲಿಟ್ಟುಕೊಂಡು ಅವರ ಪಕ್ಕದಲ್ಲಿ ಕೂತೆ.

ಅಡುಗೆಮನೆಯಲ್ಲಿ “ಆಯ್ತು” ಎಂದದ್ದನ್ನು ನಾನು ಅವರಿಗೆ ಇದುವರೆಗೂ ಹೇಳಿಲ್ಲ. ಹೇಳಿದರೆ ‘ಹೋಗ್ಲಿ ಬಿಡು’ ಎನ್ನುತ್ತಾರೆ. ಅದನ್ನು ಕೇಳಿಸಿಕೊಳ್ಳುವ ಧೈರ್ಯ ನನಗಿಲ್ಲ.

ಮೂಲೆ ಅಂಗಡಿ ಮೊಬೈಲ್ ರಿಪೇರಿಯವನಿಗೆ ಹೋಯಿತು. ನನ್ನ ಮಿಷನ್ ಈಗ ಕನ್ನಡಕದ ಅಂಗಡಿಯ ಮೆಟ್ಟಿಲ ಕೆಳಗಿದೆ. ಹಗಲಲ್ಲೂ ದೀಪ ಹಾಕಬೇಕು. ಎದ್ದು ನಿಂತರೆ ತಲೆಗೆ ಬಡಿಯುತ್ತದೆ. ಬಡಿದಾಗಲೆಲ್ಲ ಉಪಚಾರಪ್ಪನಿಗೊಂದು, ಗಂಡನಿಗೊಂದು ಬೈಗುಳ ಸಲ್ಲುತ್ತದೆ.

ದಿನಾ ಸಂಜೆ ಐದಕ್ಕೆ ಹೋಗಿ ಕೂತೆವು. ಗಲಾಟೆಯಿಲ್ಲ, ಘೋಷಣೆಯಿಲ್ಲ. ಅವರು ದಿನಾ ಟೀ ಮಾಡಿದರು, ನಾವು ದಿನಾ ಕುಡಿಯಲಿಲ್ಲ. ಬಾಗಿಲು ಹಾಕಿದ ದಿನ ಹೊರಗಿನ ಜಗಲಿಯ ಮೇಲೆ ಕೂತೆವು, ಟ್ರೇ ಅಲ್ಲಿಗೇ ಬಂತು. ಮನೆ ನೋಡಲು ಬಂದವರಿಗೆಲ್ಲ ನನ್ನ ಗಂಡ ಎದ್ದು ನಿಂತು, “ಕುಡೀಬೇಡಿ” ಎಂದು ವಿನಯದಿಂದ ಹೇಳಿದರು. ಐದನೆಯ ದಿನ ನರ್ಸಮ್ಮನ ದುಡ್ಡು ಬಂತು. ಅವರೂ ಎದ್ದು ಹೋಗಲಿಲ್ಲ. ಒಂಬತ್ತನೆಯ ದಿನ ಮೇಷ್ಟ್ರ ದುಡ್ಡು ಬಂತು.

ಎಣಿಸಿ ಮುಗಿಸಿ ಎಲ್ಲರೂ ಎದ್ದೆವು. ಉಪಚಾರಪ್ಪ ಅಭ್ಯಾಸಬಲದಿಂದ ಟ್ರೇ ಹಿಡಿದುಕೊಂಡು ಬಂದರು. ಒಬ್ಬೊಬ್ಬರೇ ಅದನ್ನು ದಾಟಿ ಹೊರಗೆ ನಡೆದೆವು. ಹಿಂತಿರುಗಿ ನೋಡುತ್ತೇನೆ, ನನ್ನ ಗಂಡ ಅಲ್ಲೇ ನಿಂತಿದ್ದಾರೆ. ಒಂದು ಕಪ್ಪು ತೆಗೆದುಕೊಂಡರು. ನಿಂತೇ ಕುಡಿದರು, ಪೂರ್ತಿ.

“ಏನ್ರೀ ಇದು!” ಎಂದೆ.

“ಪಾಪ ಕಣೇ. ಇಷ್ಟು ದಿನದಿಂದ ಮಾಡ್ತಾನೇ ಇದಾರೆ. ಒಬ್ರೂ ಕುಡೀಲಿಲ್ಲ.” ಖಾಲಿ ಕಪ್ಪು ಟ್ರೇಯ ಮೇಲಿಟ್ಟು, “ಚೆನ್ನಾಗಿತ್ತು ಭಾವ,” ಎಂದರು.

ಉಪಚಾರಪ್ಪನ ಮುಖ ನಿಧಾನವಾಗಿ ಅರಳಿತು. ಟ್ರೇ ಕೆಳಗಿಟ್ಟು ಕೈ ಜೋಡಿಸಿದರು.

“ಭಾವ, ನೀವು ಮೇಲಿನ ಮಹಡಿ ನೋಡಲೇ ಇಲ್ಲ ಅಲ್ವಾ?”

ನನ್ನ ಗಂಡ ಬಾಯಿ ತೆರೆಯುವುದರೊಳಗೆ ನಾನು ಒಳಗೆ ಹೋಗಿ ಅವರ ಕೈ ಹಿಡಿದು ಎಳೆದುಕೊಂಡು ಬಂದೆ. ಗೇಟು ದಾಟಿದ ಮೇಲೂ ಬಿಡಲಿಲ್ಲ.